ಗೂಡಿನ ನೀರಲ್ಲಿ ಬಾಗಿದ ಮರ

ಹೋದ ತಿಂಗಳು ಅಟ್ಟ ಗುಡಿಸುವಾಗ ಹಳೆಯ ಡ್ರಾಯಿಂಗ್ ಸುರುಳಿಗಳ ಹಿಂದಿನಿಂದ ಒಂದು ಮರದ ಪಟ್ಟಿ ಜಾರಿ ಕಾಲ ಮೇಲೆ ಬಿತ್ತು. ಮೊಳದುದ್ದ, ಎರಡು ಬೆರಳಗಲ, ಬಿಲ್ಲಿನ ಹಾಗೆ ಬಾಗಿದ್ದು. ಬೈದುಕೊಳ್ಳುತ್ತಲೇ ಎತ್ತಿಕೊಂಡು ಯಾಕೋ ಮೂಗಿನ ಹತ್ತಿರ ಹಿಡಿದೆ. ರೇಷ್ಮೆಗೂಡು ಬೆಂದ ವಾಸನೆ ಬಂತು. ನಮ್ಮ ಯಜಮಾನರಿಗೆ ಕೊಟ್ಟು ನೀವೂ ಮೂಸಿ ನೋಡಿ ಅಂದೆ. ಅವರು ಮೈಸೂರಿನವರು. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮಪ್ಪನ ಮನೆ ಬೀದಿಗೆ ಹೋದರೆ ಗೂಡಿನ ವಾಸನೆಗೆ ಕರವಸ್ತ್ರ ತೆಗೆಯುವ ಆಸಾಮಿ. ಎರಡು ಸಲ ಮೂಸಿ, ಧೂಳಿನ ವಾಸನೆ ಬಿಟ್ಟರೆ ಏನೂ ಇಲ್ಲ ಅಂದರು. ಹಾಗಾದರೆ ನನಗೆ ಬಂದದ್ದು ಏನು… ಅವತ್ತಿನಿಂದ ತಲೆ ಕೆಟ್ಟು ಕೂತಿದ್ದೇನೆ.

ಆ ಪಟ್ಟಿಯನ್ನು ಬಾಗಿಸಿದವರು ಆಚಾರ್ರು. ಯಳಂದೂರಿನ ಹತ್ತಿರ ಅಗರದವರು.

ನಾನು ಒಳಾಂಗಣ ವಿನ್ಯಾಸ ಓದಿ ಕೊಳ್ಳೇಗಾಲಕ್ಕೆ ವಾಪಸ್ ಬಂದಿದ್ದೆ. ನಮ್ಮೂರಿನಲ್ಲಿ ಆಗ ಅದೆಂಥ ಕೆಲಸ ಅಂತಲೇ ಯಾರಿಗೂ ಗೊತ್ತಿರಲಿಲ್ಲ, ಗೋಡೆಗೆ ಬಣ್ಣ ಆರಿಸಿಕೊಡುವವಳು ಅಂದುಕೊಂಡಿದ್ದರು. ಅಪ್ಪನ ಪರಿಚಯದ ಸೀರೆ ಅಂಗಡಿ ಯಜಮಾನರು ಮಹಡಿಯ ಮೇಲೆ ಹೊಸ ಷೋರೂಮ್ ಮಾಡುವವರಿದ್ದರು. ಏನೋ ವಿಶ್ವಾಸಕ್ಕೆ ನನ್ನ ಕೈಗೆ ಕೊಟ್ಟರು. ಮೊದಲ ಕೆಲಸ. ಹುರುಪು ಕೇಳಬೇಕೆ? ಗೋಡೆಯನ್ನೇ ಬಾಗಿಸಿಬಿಟ್ಟೆ. ಅಂಗಡಿಯ ಹಾಸಿಗೆಯ ಮೇಲೆ ಸೀರೆ ಕೊಡವಿ ಹರಡುವಾಗ ಸೆರಗು ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತದಲ್ಲ, ಆ ಬಾಗು ನನಗೆ ಬೇಕಿತ್ತು. ಮರದ ಗೋಡೆ ನೆಲದಿಂದ ಎದ್ದು, ಮೂಲೆಯೇ ಇಲ್ಲದೆ ಹಾಗೇ ಬಾಗಿಕೊಂಡು ಹೋಗಿ ಮೇಲಿನ ಛಾವಣಿಯಾಗಬೇಕು. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಮಾಡುವವರು ಬೇಕಲ್ಲ! ಪೇಟೆಯ ಬಡಗಿಗಳೆಲ್ಲ ಡ್ರಾಯಿಂಗ್ ನೋಡಿ ನಕ್ಕು ಕೈ ತೊಳೆದುಕೊಂಡರು. ಅವರಲ್ಲಿ ಒಬ್ಬರು ಮಾತ್ರ, ಅಗರದಲ್ಲಿ ಗಾಡಿ ಗಾಲಿ ಮಾಡುತ್ತಿದ್ದ ಆಚಾರ್ರು ಇದ್ದಾರೆ, ಕೇಳಿ ನೋಡಿ ಅಂದರು.

ಹೋದೆ. ಅರವತ್ತು ದಾಟಿದ ಸಣಕಲು ಮನುಷ್ಯ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಮಂಚದ ಕಾಲು ಹೆರೆಯುತ್ತಿದ್ದರು. ಟೈರಿನ ಗಾಡಿ ಬಂದ ಮೇಲೆ ಗಾಲಿಯ ಕೆಲಸ ನಿಂತೇ ಹೋಗಿತ್ತಂತೆ. ನನ್ನ ಮಾತನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಗುತ್ತೆ ಅನ್ನಲೂ ಇಲ್ಲ, ಆಗಲ್ಲ ಅನ್ನಲೂ ಇಲ್ಲ.

"ನಾ ಮಾಡಿದ್ ಗಾಡಿಯೆಲ್ಲ ಸವ್ದು ಸೌದೆ ಆದ್ವು ಕಣವ್ವ. ಪ್ಯಾಟೇಲಿ ನಂದು ಅಂತ ಒಂದು ನಿಂತ್ಕಂಡ್ರೆ ಸಾಕು" ಅಂದರು.

ಅಷ್ಟು ಆಸೆ ಇಟ್ಟುಕೊಂಡು ಬಂದರು ಅವರು. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಈಗ ಸುಳ್ಳು ಹೇಳಲಾರೆ.

ಡ್ರಾಯಿಂಗ್ ಅವರಿಗೆ ಅರ್ಥವಾಗಲಿಲ್ಲ. ಷೋರೂಮಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಳತೆಗೆ ಸರಿಯಾಗಿ ಬರೆದು ತೋರಿಸು ಅಂದರು, ಬರೆದೆ. ಹಗ್ಗ, ಮೊಳೆ ಹಿಡಿದು ಗೆರೆಯ ಸುತ್ತ ಬಹಳ ಹೊತ್ತು ಓಡಾಡಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು, "ಇದ್ಕೆ ನಡು ಎಲ್ಲದವ್ವ?" ಅಂತ ಕೇಳಿದರು. ಗಾಲಿ ಮಾಡಿದವರಿಗೆ ಬಾಗು ಅಂದರೆ ಅದಕ್ಕೊಂದು ನಡು ಇರಲೇಬೇಕು. ನನ್ನ ಗೆರೆಗೆ ಒಂದು ನಡು ಇರಲಿಲ್ಲ, ಜಾಗ ಜಾಗಕ್ಕೆ ಬದಲಾಗುತ್ತಿತ್ತು. ವಿವರಿಸಲು ಹೋಗಿ ನಾನೇ ತಡವರಿಸಿದೆ. ಎರಡು ದಿನ ಅವರು ಬರಲೇ ಇಲ್ಲ, ಕೈಕೊಟ್ಟರು ಅಂದುಕೊಂಡೆ. ಮೂರನೆಯ ದಿನ ಬಂದು ನೆಲದ ಮೇಲೆ ಏಳು ಕಡೆ ಮೊಳೆ ಹೊಡೆದು, ಒಂದೊಂದಕ್ಕೂ ಹಗ್ಗ ಕಟ್ಟಿ ಎಳೆದರು. ನನ್ನ ಗೆರೆಯ ಮೇಲೇ ಕೂತಿತು ಅವರ ಗೆರೆ. ಆವತ್ತು ಇಬ್ಬರೂ ಹೋಟೆಲಿಗೆ ಹೋಗಿ ಸೆಟ್‌ದೋಸೆ ತಿಂದೆವು.

ಮಾರ್ಟಳ್ಳಿ ಕಡೆಯ ಹೆಬ್ಬೇವಿನ ಮರ ತರಿಸಿ ತೆಳ್ಳಗೆ ಪಟ್ಟಿ ಸೀಳಿಸಿದ್ದಾಯಿತು. ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಅಚ್ಚಿಗೆ ಕಟ್ಟಿ ಒಣಗಿಸಬೇಕು. ಅದಕ್ಕೆ ಆಚಾರ್ರು ತಗಡಿನ ಡ್ರಮ್ಮು, ಸೌದೆ ಎಲ್ಲ ಹೊಂದಿಸುತ್ತಿದ್ದರು. ಆಗ ನನಗೆ ಬುದ್ಧಿ ಓಡಿತು, ನೋಡಿ.

ನಮ್ಮಪ್ಪನದು ರೇಷ್ಮೆ ನೂಲು ತೆಗೆಯುವ ಕಸುಬು. ಮನೆಯ ಹಿಂದೆಯೇ ಗೂಡು ಬೇಯಿಸುವ ಉದ್ದನೆಯ ಸಿಮೆಂಟ್ ತೊಟ್ಟಿ. ಸಂಜೆ ಕೆಲಸ ಮುಗಿದ ಮೇಲೂ ನೀರು ಹಬೆಯಾಡುವಷ್ಟು ಬಿಸಿ ಇರುತ್ತಿತ್ತು. ಆ ನೀರಿನಲ್ಲಿ ದಿನವೆಲ್ಲ ಆಡಿದ ಹೆಂಗಸರ ಕೈ ಬೆಣ್ಣೆಯಂತೆ ಮೆತ್ತಗಾಗುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಕೈಯೇ ಮೆತ್ತಗಾಗುವಾಗ ಮರ ಆಗದೇ? ಹುಳ ಸೋಸಿ ತೆಗೆದು ಅದರಲ್ಲೇ ನೆನೆಸೋಣ ಅಂದೆ. ಆಚಾರ್ರು ತೊಟ್ಟಿಯ ಪಕ್ಕ ನಿಂತು ನೀರನ್ನು ನೋಡಿದರು. ಏನೋ ಕೇಳಿದರು. ಮರ ಬಣ್ಣ ಕುಡಿಯುತ್ತದೇನೋ ಅಂತಲೋ, ವಾಸನೆ ಕುಡಿಯುತ್ತದೇನೋ ಅಂತಲೋ… ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ. ಏನೂ ಆಗಲ್ಲ ಆಚಾರ್ರೇ ಅಂತ ನಾನು ತಟ್ಟನೆ ಅಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಸರಿ ಅಂತ ಅವರು ಮೊದಲ ಕಟ್ಟನ್ನು ನೀರಿಗಿಳಿಸಿದರು.

ಪಟ್ಟಿಗಳು ಹೇಳಿದ ಮಾತು ಕೇಳಿದವು. ಗೋಡೆ ಎದ್ದು, ಬಾಗಿ, ಛಾವಣಿಯಾಯಿತು. ಪೂಜೆಯ ದಿನ ಬಂದವರೆಲ್ಲ ಕತ್ತೆತ್ತಿ ನೋಡಿದ್ದೇ ನೋಡಿದ್ದು. ಆಚಾರ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿಯನ್ನೂ ಕರೆತಂದಿದ್ದರು. ಇಬ್ಬರೂ ಮೂಲೆಯಲ್ಲಿ ನಿಂತು ಸಿಹಿ ತಿಂದರು. ಆಕೆ ಮರವನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದ್ದು ನೆನಪಿದೆ.

ಆಮೇಲೆ ಮಳೆ ಹಿಡಿಯಿತು. ಗಿರಾಕಿಗಳು ಬರುತ್ತಿದ್ದರು, ಕೂರುತ್ತಿದ್ದರು, ಎರಡು ಸೀರೆ ನೋಡುವಷ್ಟರಲ್ಲಿ ಮೂಗು ಮುಚ್ಚಿಕೊಂಡು ಎದ್ದುಹೋಗುತ್ತಿದ್ದರು. ಅಂಗಡಿ ಯಜಮಾನರಿಗೆ ಕಾರಣ ಹೊಳೆಯಲಿಲ್ಲ. ಅವರದೂ ನೂಲಿನ ಮನೆತನವೇ, ಗೂಡಿನ ವಾಸನೆ ನಮ್ಮಂಥವರ ಮೂಗಿಗೆ ವಾಸನೆಯೇ ಅಲ್ಲ. ಇಲಿ ಸತ್ತಿರಬೇಕು ಅಂತ ನಾವೆಲ್ಲ ಬೀರು ಸರಿಸಿ ಹುಡುಕಿದೆವು. ಚರಂಡಿ ತೊಳೆಸಿದೆವು. ಎರಡು ದಿನ ಹೀಗೆ ಕುಣಿದ ಮೇಲೆ, ಮದುವೆ ಸೀರೆಗೆ ಬಂದ ಹೊರಗಿನ ಊರಿನ ಹೆಂಗಸೊಬ್ಬರು ಎದ್ದುಹೋಗಿ ನಮ್ಮ ಗೋಡೆಯನ್ನೇ ಮೂಸಿದರು. ಇಲ್ಲಿಂದ ಬರ್ತಿರೋದು ಅಂದರು. ಮಳೆಯ ಥಂಡಿಗೆ ಮರ ಕುಡಿದಿದ್ದ ಗೂಡಿನ ನೀರು ನಾರತೊಡಗಿತ್ತು, ರೇಷ್ಮೆ ಸೀರೆ ಅಂಗಡಿಗೆ ರೇಷ್ಮೆಯ ವಾಸನೆಯೇ ಮುಳುವಾಗಿತ್ತು.

ಯಜಮಾನರು ನಮ್ಮಿಬ್ಬರನ್ನೂ ಕರೆಸಿದರು. ಕೆಲಸದವರೆಲ್ಲ ಸುತ್ತ ನಿಂತಿದ್ದರು. ಗೂಡಿನ ನೀರಿಗೆ ಮರ ಹಾಕುವ ಬುದ್ಧಿ ಯಾರದು ಅಂತ ಕೇಳಿದರು. ನಾನು ನೆಲ ನೋಡಿದೆ. ಆಚಾರ್ರು ಹೊಡೆದಿದ್ದ ಮೊಳೆಯ ತೂತು ಅಲ್ಲಲ್ಲಿ ಇನ್ನೂ ಇತ್ತು. ಇದು ನನ್ನ ಮೊದಲ ಕೆಲಸ, ಬಾಯಿ ಬಿಟ್ಟರೆ ಈ ಊರಲ್ಲಿ ಇನ್ನೊಂದು ಸಿಗುವುದಿಲ್ಲ… ಇಷ್ಟೇ ನನ್ನ ತಲೆಯಲ್ಲಿ ಓಡುತ್ತಿದ್ದದ್ದು.

"ನಂದೇ ತಪ್ಪು ಸಾ. ಬ್ಯಾಗ ಬಗ್ಲಿ ಅಂತ ನಾನೇ ಆಕ್ದೆ" ಅಂದರು ಆಚಾರ್ರು.

ನಾನು ಸುಮ್ಮನಿದ್ದೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಒಂದು ವಾರದಲ್ಲಿ ಗೋಡೆ ಇಳಿಯಿತು, ಅಲ್ಲಿಗೆ ಜಿಪ್ಸಮ್ ಹಲಗೆ ಬಂತು. ಬಿಚ್ಚಿದ ಮರವನ್ನು ಆಚಾರ್ರೇ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋದರು. ಪೇಟೆಯವರು ಆಮೇಲೆ ಅವರನ್ನು ಕರೆಯಲಿಲ್ಲ. ನನಗೆ ಕೆಲಸ ಸಿಕ್ಕಿತು, ಮೇಲಿಂದ ಮೇಲೆ ಸಿಕ್ಕಿತು. ಪಾಪ ಆ ಮಗು ಏನು ಮಾಡುತ್ತೆ, ಆಚಾರಿ ಕೆಡಿಸಿದ ಅಂತ ಜನ ನನ್ನ ಎದುರಿಗೇ ಆಡಿಕೊಂಡರು.

ಅವರು ಯಾಕೆ ಹಾಗೆ ಅಂದರು? ಹುಡುಗಿ ಹೆದರಿದ್ದಾಳೆ ಅಂತ ಕನಿಕರವೋ? ಅಥವಾ ನೀರಿಗೆ ಇಳಿಸಿದ್ದು ತನ್ನ ಕೈ, ಆದ್ದರಿಂದ ತಪ್ಪು ತನ್ನದೇ ಅಂತ ನಿಜವಾಗಿ ನಂಬಿದ್ದರೋ… ಒಂದೊಂದು ಸಲ, ನೀನೇ ಬಾಯಿ ಬಿಡ್ತೀಯೇನೋ ನೋಡೋಣ ಅಂತ ನನ್ನನ್ನು ಕಾದು ನೋಡಿದರೇ ಅಂತಲೂ ಅನ್ನಿಸುತ್ತದೆ. ಹಾಗಿದ್ದರೆ ನನ್ನ ಗತಿಯೇನು?

ಅಟ್ಟದ ಪಟ್ಟಿ ಸಿಕ್ಕ ವಾರವೇ ಅದನ್ನು ಚೀಲದಲ್ಲಿಟ್ಟುಕೊಂಡು ಅಗರಕ್ಕೆ ಹೋದೆ. ಆಚಾರ್ರು ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಬಸ್ಸಿಳಿದು ವಿಚಾರಿಸಿದಾಗಲೇ ನನಗೆ ಗೊತ್ತಾದದ್ದು. ಅವರ ಹೆಂಡತಿಗೆ ನನ್ನ ಗುರುತು ಸಿಕ್ಕಿತು. ಒಳಗೆ ಕರೆದರು.

ಆ ಪುಟ್ಟ ಕೋಣೆಯಲ್ಲಿ ನನ್ನ ಗೋಡೆ ಇತ್ತು. ಹೆಂಚಿನ ಮನೆ, ಎಂಟಡಿ ಅಗಲ. ಇದ್ದಷ್ಟು ಜಾಗಕ್ಕೆ ಕತ್ತರಿಸಿ, ನೆಲದಿಂದ ಎಬ್ಬಿಸಿ, ತಾವು ಮಲಗುತ್ತಿದ್ದ ಮಂಚದ ಮೇಲೆ ಬಾಗಿಸಿ ನಿಲ್ಲಿಸಿದ್ದರು. ಮರ ಕಪ್ಪಗಾಗಿತ್ತು. ಒಂದೂ ಪಟ್ಟಿ ಬಿಟ್ಟುಕೊಂಡಿರಲಿಲ್ಲ. ಬಂದವರಿಗೆಲ್ಲ, ಗೀಚಿದ್ದು ಕೊಳ್ಳೇಗಾಲದ ಒಂದು ಮಗು, ನಾನು ಬಗ್ಗಿಸಿದ್ದಷ್ಟೇ ಅಂತ ಹೇಳುತ್ತಿದ್ದರಂತೆ. ಕೂತಲ್ಲೇ ನನಗೆ ಅಳು ಬಂತು. ವಾಸನೆ ಬರುತ್ತಿರಲಿಲ್ಲವೇ ಅಂತ ಕೇಳಿದೆ. ಮಳೆಗಾಲದಲ್ಲಿ ಮೊಮ್ಮಕ್ಕಳು ಗೊಣಗುತ್ತಿದ್ದರು, ಅವರು ಮಾತ್ರ ಒಂದು ದಿನವೂ ಏನೂ ಅನ್ನಲಿಲ್ಲ ಅಂದರು ಆಕೆ.

ಹೇಳಿಬಿಟ್ಟೆ. ತೊಟ್ಟಿ ನಮ್ಮದು, ನೀರಿಗೆ ಹಾಕಿಸಿದ್ದು ನಾನು, ಎಲ್ಲರೆದುರು ಸುಮ್ಮನೆ ನಿಂತದ್ದೂ ನಾನೇ ಅಂತ. ನಾನು ಚೀಲದಿಂದ ತೆಗೆದ ಪಟ್ಟಿಯನ್ನು ಆಕೆ ಒಂದು ಬೆರಳಿನಿಂದ ಮುಟ್ಟಿ ನೋಡಿದರು. ಬೈಯಲಿಲ್ಲ.

"ಇದ ಅವ್ರ್ ಇದ್ದಾಗ ಬಂದು ಏಳ್ಬಾರ್ದಾಗಿತ್ತಾ ಮಗ" ಅಂದರು. ಕಾಫಿಗಿಡಲು ಎದ್ದು ಒಳಗೆ ಹೋದರು.

ಈಗ ಹನೂರಿನಲ್ಲಿ ಒಂದು ಕ್ಲಿನಿಕ್ಕಿಗೆ ಬಾಗಿದ ಮರದ ಛಾವಣಿ ಮಾಡಿಸುತ್ತಿದ್ದೇನೆ. ಬಾಗುವ ಪ್ಲೈವುಡ್ ಕಾರ್ಖಾನೆಯಿಂದಲೇ ಬರುತ್ತದೆ, ನೀರೂ ಬೇಡ, ಬೆಂಕಿಯೂ ಬೇಡ. ಆಚಾರ್ರ ಪಟ್ಟಿ ಮೇಜಿನ ಮೇಲಿದೆ. ಕೆಲಸಕ್ಕೆ ಕೂರುವ ಮುಂಚೆ ಒಮ್ಮೆ ಮೂಸುತ್ತೇನೆ. ಒಂದು ದಿನ ವಾಸನೆ ಬರುತ್ತದೆ, ಒಂದು ದಿನ ಬರುವುದಿಲ್ಲ. ಬಾರದ ದಿನ, ತಪ್ಪು ನನ್ನದು ಆಚಾರ್ರೇ ಅಂತ ಆ ಮರಕ್ಕೇ ಹೇಳುತ್ತೇನೆ. ಅವರಿದ್ದಾಗಲೂ ಅಗರಕ್ಕೆ ಬಸ್ಸಿತ್ತು, ಅರ್ಧ ಗಂಟೆಯ ದಾರಿ.