ಬೇರಿಂಗಿಗೆ ಹಚ್ಚಿದ ಭಂಡಾರ

ಕಳೆದ ಭಾನುವಾರ ನಾನು ಟ್ರಕ್ಕಿನ ಗಾಲಿ ಬಿಚ್ಚಿದೆ.

ಹೌದು, ನಾನೇ. ವಾರವಿಡೀ ಚಿಕ್ಕೋಡಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ, ಸ್ಕೂಟಿಗೆ ಗಾಳಿ ಹಾಕಿಸಲೂ ಗಂಡನನ್ನೇ ಕಳಿಸುವ ನಾನು. ಈಗಲೂ ಉಗುರಿನ ಸಂದಿಯಲ್ಲಿ ಗ್ರೀಸ್ ಇದೆ. ಸೋಪು ಹಚ್ಚಿ ತಿಕ್ಕಿದೆ, ಹೋಗಲಿಲ್ಲ. ನಿಜ ಹೇಳಬೇಕೆಂದರೆ ಮತ್ತೊಮ್ಮೆ ತಿಕ್ಕಲು ಮನಸ್ಸೇ ಬರಲಿಲ್ಲ. ಯಾರಾದರೂ ಕೇಳಲಿ ಎಂದು ಸ್ಟಾಫ್ ರೂಮಿನಲ್ಲಿ ಕೈಯನ್ನು ಟೇಬಲ್ಲಿನ ಮೇಲೆ ಚಾಚಿಕೊಂಡೇ ಕೂತಿದ್ದೆ. ಯಾರೂ ಕೇಳಲಿಲ್ಲ. ಅದಕ್ಕೇ ನಿಮ್ಮೆದುರು ಕೂತಿದ್ದೇನೆ.

ಎಲ್ಲ ಶುರುವಾದದ್ದು ಒಂದು ಸದ್ದಿನಿಂದ.

ಶನಿವಾರ ಕಾಲೇಜು ಬಿಟ್ಟಾಗ ಬಸ್ ತಪ್ಪಿತು. ಪುಣ್ಯಕ್ಕೆ ನಮ್ಮ ಮನೆಯವರು ಟ್ರಕ್ಕಿಗೆ ಡೀಸೆಲ್ ಹಾಕಿಸಲು ಚಿಕ್ಕೋಡಿಗೆ ಬಂದಿದ್ದರು. (ಅವರ ಹೆಸರು ಅಪ್ಪಾಸಾಹೇಬ. ಹೆಸರಿನಲ್ಲಿ ಸಾಹೇಬ ಇದ್ದರೂ ಓಡಿಸುವುದು ಆರು ಗಾಲಿಯ ಹಳೇ ಟ್ರಕ್ಕು, ಮಾಡುವುದು ಕಬ್ಬಿನ ಹೊಲ.) ಹತ್ತಿ ಕೂತೆ. ಕಬ್ಬೂರಿನ ದಾರಿ ಹಿಡಿದದ್ದೇ ತಡ, ನನ್ನ ಕಾಲ ಕೆಳಗಿನಿಂದ ಗುರ್ರ್ ಅಂತ ಸದ್ದು. ಗಾಡಿಯ ವೇಗ ಏರಿದರೆ ಅದೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ.

"ಏನ್ರಿ, ಗಾಲಿಯಾಗ ಏನೋ ಗುರಗುಡಾಕತ್ತೈತಿ," ಎಂದೆ.

"ಗಾಲಿ ಅಲ್ಲ, ರಸ್ತಾ," ಎಂದರು.

ಗಂಡಸರಿಗೆ ತಮ್ಮ ಗಾಡಿಯ ತಪ್ಪು ಎಂದಾದರೂ ಕೇಳಿಸಿದ್ದುಂಟೇ? ರಸ್ತೆಯ ತಪ್ಪು ಕೇಳಿಸುತ್ತದೆ, ಸರಕಾರದ ತಪ್ಪು ಕೇಳಿಸುತ್ತದೆ, ಪಕ್ಕದಲ್ಲಿ ಕೂತವಳ ತಪ್ಪಂತೂ ಬಾಯಿ ತೆರೆಯುವ ಮೊದಲೇ ಕೇಳಿಸುತ್ತದೆ.

ಮನೆ ಮುಂದೆ ಗಾಡಿ ನಿಲ್ಲುವಾಗ ಅತ್ತೆ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಕೂಡ ಎತ್ತಲಿಲ್ಲ. "ಅಪ್ಪೂ, ನಿನ್ನ ಗಾಡಿ ಕಾಳ ಹಾಕದನ ಬೀಸಾಕತ್ತೈತಿ ನೋಡ," ಎಂದರು.

ಕಾಳು ಹಾಕದೆ ಬೀಸುವ ಕಲ್ಲಿನ ಸದ್ದು! ನಾನು ಗುರ್ರ್ ಎಂದು ಮೂರಕ್ಷರದಲ್ಲಿ ತಡಕಾಡಿದ್ದನ್ನು ಅವರು ಕೂತಲ್ಲಿಂದಲೇ ಹೇಳಿಬಿಟ್ಟಿದ್ದರು. ಹೆಂಡತಿ ಹೇಳಿದ್ದು ರಸ್ತೆಯ ಪಾಲು, ಅವ್ವ ಹೇಳಿದ್ದು ಕಿವಿಯ ಪಾಲು. ಮನೆಯವರು ಕೂಡಲೇ ಜಾಕ್ ಹಚ್ಚಿ ಮುಂದಿನ ಎಡಗಾಲಿಯನ್ನು ಎತ್ತಿದರು. ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಮುದುಕರ ಹಲ್ಲಿನ ಹಾಗೆ ಅಲ್ಲಾಡಿತು. ಗಾಲಿಯ ನಡುವಿನ ಹಬ್ ಮುಟ್ಟಿದರೆ ಕಾದ ಹಂಚು. ಬೇರಿಂಗ್ ಸವೆದು ಹೋಗಿತ್ತು.

ಅವರ ಮುಖ ಬಾಡಿತು. ಯಾಕೆಂದರೆ ನಮ್ಮ ಪಾಳಿ ಬಂದಿತ್ತು.

ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಕಬ್ಬು ಬೆಳೆದು ನಿಂತಿತೆಂದು ಕಡಿಯುವಂತಿಲ್ಲ. ನಿಮ್ಮ ಸರದಿ ಬಂತು ಎಂದು ಕಾರ್ಖಾನೆಯವರು ಹೇಳಿದಾಗ ಕಡಿಯಬೇಕು. ಅದೇ ಪಾಳಿ. ಕಡಿಯುವ ಗ್ಯಾಂಗ್ ಆಗಲೇ ಹೊಲಕ್ಕೆ ಇಳಿದು ಅರ್ಧ ಕಬ್ಬು ಮಲಗಿಸಿತ್ತು. ಸೋಮವಾರ ಬೆಳಿಗ್ಗೆ ಟ್ರಕ್ಕು ಬದುವಿನ ಹತ್ತಿರ ನಿಲ್ಲದಿದ್ದರೆ ಗ್ಯಾಂಗ್ ಮುಂದಿನವರ ಹೊಲಕ್ಕೆ ನಡೆಯುತ್ತದೆ, ಕಡಿದ ಕಬ್ಬು ಬಿಸಿಲಿಗೆ ಒಣಗುತ್ತದೆ. ಇಡೀ ವರ್ಷದ ಬೆಳೆ! ಬಾಡಿಗೆ ಗಾಡಿ ತರಬಹುದಲ್ಲ ಅಂತೀರಾ? ಸೀಸನ್ನಿನಲ್ಲಿ ಬಾಡಿಗೆ ಗಾಡಿ ಸಿಗುವುದೆಂದರೆ ಮುಹೂರ್ತದ ದಿನ ಬ್ಯಾಂಡಿನವರು ಸಿಕ್ಕ ಹಾಗೆ.

ನಮ್ಮ ಖಾಯಂ ಮೆಕ್ಯಾನಿಕ್ ರಫೀಕ ಮಿಸ್ತ್ರಿಗೆ ಫೋನ್ ಮಾಡಿದೆ.

"ವೈನಿ, ನಾ ಈಗ ರಾಯಬಾಗ ರಸ್ತಾದಾಗ ಒಂದ ಟ್ರ್ಯಾಕ್ಟರ್ ಬುಡಕ ಮಲಗೇನಿ," ಎಂದ. "ಇದ ಎದ್ದ ಮ್ಯಾಲ ಅಥಣಿ ಕಡೆ ಇನ್ನೊಂದ ಮಲಗೈತಿ. ಸೋಮವಾರ ಸಂಜಿ ತನಕ ಆಗೂದಿಲ್ರಿ. ನಾ ಬಿಚ್ಚೂವಾಗ ಅಣ್ಣಾವ್ರ ಬಾಜೂಕ ನಿಂತ ನೋಡ್ಯಾರ. ಮನ್ಯಾಗ ಮಾಡಿಬಿಡ್ರಿ."

ಮನೆಯಲ್ಲೇ ಮಾಡಿಬಿಡುವುದಂತೆ! ಇದೇನು ಉಪ್ಪಿನಕಾಯಿಯೇ?

ಫೋನ್ ಇಡುವ ಮುನ್ನ ಅವನು ಇನ್ನೊಂದು ಮಾತು ಸೇರಿಸಿದ. "ಹೊಸಾ ಬೇರಿಂಗ್‌ದಾಗ ಉಸುಕಿನ ಒಂದ ಕಾಳ ಸೈತ ಹೋಗಬಾರದ ನೋಡ್ರಿ. ಹೋತಂದ್ರ ಹೊಸಾದಕೂ ಹಳೇದರ ಗತಿ. ಆಮ್ಯಾಲ ನಟ್ ಬಿಗಿ ಮಾಡಿ ಒಂದೀಟ ಸಡ್ಲ ಬಿಡ್ರಿ."

ಭಾನುವಾರ ಬೆಳಿಗ್ಗೆ ಮನೆಯವರು ಬೈಕ್ ಮೇಲೆ ಚಿಕ್ಕೋಡಿಗೆ ಹೋಗಿ, ಬಿಡಿಭಾಗಗಳ ಅಂಗಡಿಯವರನ್ನು ಮನೆಯಿಂದ ಎಬ್ಬಿಸಿ ತಂದು, ಶಟರ್ ಎತ್ತಿಸಿದರು. ಅಂಗಡಿಯವರು ನಿಪ್ಪಾಣಿಗೆ ಮದುವೆಗೆ ಹೊರಟಿದ್ದವರು. ಸಾಮಾನು ಕೊಟ್ಟು, ಶಟರ್ ಎಳೆದು, ಮದುವೆಗೆ ಹೋದರು. ಹೊಸ ಬೇರಿಂಗಿನ ಡಬ್ಬಿ ನಮ್ಮ ಕಟ್ಟೆಯ ಮೇಲೆ ಬಂದು ಕೂತಿತು.

ನಾವು ಕೆಲಸಕ್ಕೆ ಇಳಿದೆವು. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟದ್ದು ನಾನು. ಗಾಲಿ ನೆಲದ ಮೇಲಿರುವಾಗಲೇ ನಟ್ ಸಡಿಲಿಸಬೇಕಂತೆ, ಇಲ್ಲದಿದ್ದರೆ ಗಾಲಿಯೇ ತಿರುಗುತ್ತದೆ. ಮನೆಯವರು ನಟ್ ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪು ತೂರಿಸಿ ಜಗ್ಗಿದರು. ಜಪ್ಪಯ್ಯ ಎನ್ನಲಿಲ್ಲ. "ನೀ ಹತ್ತ," ಎಂದರು. ಪೈಪಿನ ಮೇಲೆ ಹತ್ತಿ ನಿಂತೆ. ಕಟ್! ನನ್ನ ತೂಕದ ಬಗ್ಗೆ ಜೀವನದಲ್ಲಿ ಮೊದಲ ಸಲ ಹೆಮ್ಮೆಯಾಯಿತು. "ಮುಂದಿಂದು!" ಎಂದು ನಾನೇ ಕೂಗಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದರಿಂದ ಒಂದಕ್ಕೆ ಹಾರಿದೆ. ಎದುರು ಮನೆಯ ಕಿಟಕಿ ತೆರೆಯಿತು. ತೆರೆಯಲಿ!

ಗಾಡಿ ಎತ್ತಿ, ಅಚ್ಚಿನ ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟು, ಗಾಲಿ ಕಳಚಿ, ನಡುವಿನ ಮುಚ್ಚಳ ತೆಗೆದು, ಪಿನ್ ಎಳೆದು, ದೊಡ್ಡ ನಟ್ ಬಿಚ್ಚಿದ ಮೇಲೆ ಹಬ್ ಹೊರಬಂತು. ಅದರೊಳಗೆ ಹಳೇ ಬೇರಿಂಗ್. ಸುತ್ತಲೂ ಬೆರಳಿನಂಥ ಪುಟ್ಟ ಉಕ್ಕಿನ ರೋಲರುಗಳು. ಕಾದು ಕಾದು ನೀಲಿಗಟ್ಟಿದ್ದವು, ಮೈತುಂಬ ಸಿಡುಬಿನ ಕಲೆಗಳಂಥ ಗುಳಿ.

"ಹೊಸಾದು ತಾ," ಎಂದರು ಮನೆಯವರು.

ಕಟ್ಟೆಯ ಮೇಲೆ ಡಬ್ಬಿ ಇರಲಿಲ್ಲ.

ಈಗ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಹೊಸದು ಯಾವುದೂ ನೇರ ಬಳಕೆಗೆ ಬರುವುದಿಲ್ಲ. ಮೊದಲು ದೇವರ ಜಗಲಿಗೆ ಹೋಗಬೇಕು. ಅಲ್ಲಿ ಅದಕ್ಕೆ ಭಂಡಾರ, ಎಂದರೆ ದೇವಿಯ ಅರಿಶಿನ ಪುಡಿ. ಮೇಲೆ ಕುಂಕುಮ, ಅಕ್ಷತೆ, ಊದಿನಕಡ್ಡಿ. ಆಮೇಲೆ ಬಳಕೆ. ಮಿಕ್ಸರ್ ಹೋಗಿಬಂದಿದೆ. ನನ್ನ ಮೊಬೈಲ್ ಹೋಗಿಬಂದಿದೆ (ಚಾರ್ಜರ್ ಸಿಕ್ಕಿಸುವ ತೂತಿನಲ್ಲಿ ಈಗಲೂ ಹಳದಿ). ಅತ್ತೆಯ ಕನ್ನಡಕ ಕೂಡ ಹೋಗಿಬಂದಿದೆ. ಆ ವಾರವೆಲ್ಲ ಅವರಿಗೆ ಲೋಕವೇ ಭಂಡಾರವಾಗಿ ಕಂಡಿತ್ತು.

ಒಳಗೆ ಓಡಿದೆ. ಜಗಲಿಯ ಮುಂದೆ ಹಿತ್ತಾಳೆಯ ತಾಟು. ತಾಟಿನಲ್ಲಿ ಹೊಸ ಬೇರಿಂಗ್. ಗಾಡಿಯ ಸಾಮಾನೆಂದು ಅತ್ತೆ ಕೈ ಬಿಚ್ಚಿಯೇ ಪೂಜೆ ಮಾಡಿದ್ದರು. ಮುಷ್ಟಿ ಭಂಡಾರ, ಬೊಟ್ಟಿನ ಬದಲು ಚಿಟಿಕೆ ಚಿಟಿಕೆ ಕುಂಕುಮ. ಕಾಯಿ ಒಡೆದು ಅದರ ನೀರನ್ನೂ ಚಿಮುಕಿಸಿದ್ದರು. ಉಸುಕಿನ ಒಂದು ಕಾಳೂ ಹೋಗಬಾರದು ಎಂದಿದ್ದ ಮಿಸ್ತ್ರಿ. ಉಸುಕು ಹೋಗಿರಲಿಲ್ಲ, ನಿಜ. ಅಕ್ಕಿ ಹೋಗಿತ್ತು.

ನನ್ನ ಹಿಂದೆಯೇ ಬಂದ ಮನೆಯವರು ತಲೆಗೆ ಕೈ ಹಚ್ಚಿದರು. "ಯವ್ವಾ! ಏನ ಮಾಡಿಬಿಟ್ಟಿ!"

"ಪೂಜಿ ಮಾಡೇನಿ. ನಿಮಗಂತೂ ನೆನಪಿಲ್ಲ."

"ಕೊಡ ಇಲ್ಲೆ, ಡೀಸೆಲ್‌ದಾಗ ತೊಳಿತೇನಿ."

ಅತ್ತೆ ತಾಟನ್ನು ಎದೆಗೆ ಅವುಚಿಕೊಂಡರು. "ಕೊಕಟನೂರ ಎಲ್ಲಮ್ಮನ ಭಂಡಾರ ಐತಿದು. ಡೀಸೆಲ್‌ದಾಗ ತೊಳಿತಿ? ಕೈ ಹಚ್ಚಿ ನೋಡ!"

"ತೊಳೀದಿದ್ರ ಗಾಲಿ ಸುಟ್ಟ ಹೋಗತೈತಿ, ಯವ್ವಾ."

"ತೊಳದ್ರ ದೇವಿ ಸುಮ್ಮ ಬಿಡ್ತಾಳನು?"

ಇನ್ನೊಂದು ಬೇರಿಂಗ್ ತರೋಣವೆಂದರೆ ಅಂಗಡಿಯವರು ನಿಪ್ಪಾಣಿಯಲ್ಲಿ ಮದುವೆ ಊಟಕ್ಕೆ ಕೂತಿರುತ್ತಾರೆ. ಹೊಲದಲ್ಲಿ ಕಬ್ಬು ಒಣಗುತ್ತಿದೆ. ಅಂಗಳದಲ್ಲಿ ಟ್ರಕ್ಕು ಕುಂಟನ ಹಾಗೆ ದಿಮ್ಮಿಯ ಮೇಲೆ ನಿಂತಿದೆ. ಇಲ್ಲಿ ತಾಯಿ ಮಗ ತಾಟು ಜಗ್ಗಾಡುತ್ತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. "ಅತ್ಯಾ, ನಿಮ್ಮ ಕೈ ಮುಗಿತೇನಿ, ಕೊಟ್ಟಬಿಡ್ರಿ," ಎಂದೆ. ಕೈ ಮುಗಿದಿದ್ದರೂ ದನಿ ಮುಗಿದಿರಲಿಲ್ಲ.

ಅತ್ತೆ ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು. "ಈ ಗಾಲಿ ಮ್ಯಾಲ ನನ್ನ ಮಗ ಕೂಡತಾನವಾ. ಅಷ್ಟ ಕಬ್ಬ ಹೇರಕೊಂಡ ಘಾಟ ಏರತಾನ, ಇಳಿತಾನ. ಬರೇ ಅಂಗಡಿಯಂವನ ಮಾತ ನಂಬಿ ಹೆಂಗ ಕಳಸ್ಲಿ?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ಇವರು ಭಂಡಾರ ಹಚ್ಚಿದ್ದೂ ಗಾಲಿ ಕಳಚದಿರಲೆಂದೇ, ಅವರು ತೊಳೆಯುತ್ತೇನೆ ಎಂದದ್ದೂ ಅದಕ್ಕೇ. ಜಗಳ ಮಾತ್ರ ಎರಡು!

ಮನೆಯವರೂ ಮೆತ್ತಗಾದರು. ಕೈಯಲ್ಲಿದ್ದ ಹಳೇ ಬೇರಿಂಗನ್ನು ಮುಂದೆ ಹಿಡಿದರು. "ನೋಡಿಲ್ಲೆ. ಒಳಗ ಹೊಲಸ ಹೊಕ್ಕ ಹಿಂಗ ಆಗೈತಿ. ಹೊಸಾದೂ ಹಿಂಗ ಆಗಬೇಕೇನ?"

ಅತ್ತೆ ತಾಟು ಕೆಳಗಿಟ್ಟು ಅದನ್ನು ತೆಗೆದುಕೊಂಡರು. ತಿರುಗಿಸಿದರು. ಗುಳಿಗಳ ಮೇಲೆ ಬೆರಳಾಡಿಸಿದರು.

"ಇದನ್ನ ಯಾವಾಗ ಹಾಕಿಸಿದ್ದಿ?"

"ಗಾಡಿ ತಂದಾಗಿಂದ ಇದ ಐತಿ."

"ಹಂಗಾರ ಕಾರ್ಖಾನಿಗೆ ಹೋದ ಕಬ್ಬೆಲ್ಲಾ ಇದರ ಮ್ಯಾಲ ಹೋಗೈತಿ."

"ಹೂಂ."

"ಇಕಿ ನಿಬ್ಬಣಾನೂ ಇದರ ಮ್ಯಾಲ ಬಂತು."

ನನ್ನ ಮದುವೆಯ ನಿಬ್ಬಣ! ಕಾಗವಾಡದ ನನ್ನ ತವರಿನಿಂದ ನಮ್ಮ ಮಂದಿಯೆಲ್ಲ ಇದೇ ಟ್ರಕ್ಕಿನಲ್ಲಿ ತಾಡಪತ್ರಿ ಹಾಸಿಕೊಂಡು, ದಾರಿಯುದ್ದಕ್ಕೂ ಹಾಡಿಕೊಂಡು ಬಂದಿದ್ದರು. ಹಾಡು ನೆನಪಿದೆ, ತಾಡಪತ್ರಿ ನೆನಪಿದೆ. ಗಾಲಿ ಯಾರಿಗೆ ನೆನಪಿರುತ್ತದೆ?

ಅತ್ತೆ ಹಳೇ ಬೇರಿಂಗನ್ನು ಅಂಗೈ ಮೇಲಿಟ್ಟು ತೂಗಿದರು. ಆಮೇಲೆ, "ಇಷ್ಟೆಲ್ಲಾ ದುಡದೈತಿ. ಇದಕ ಒಂದಿನಾರ ಕುಂಕುಮ ಹಚ್ಚೇವೇನ? ಪೂಜಿ ತಪ್ಪಿ ಬ್ಯಾರೇದಕ ಆಗೈತಿ," ಎಂದರು.

ಎಂದವರೇ ಹೊಸದರ ಮೇಲಿದ್ದ ಭಂಡಾರವನ್ನು ಬೆರಳಿನಿಂದ ಬಳಿದು ಬಳಿದು ಹಳೆಯದಕ್ಕೆ ಹಚ್ಚಿದರು. ಹಳೇ ಗ್ರೀಸಿಗೆ ಅದು ಎಷ್ಟು ಚೆನ್ನಾಗಿ ಅಂಟಿಕೊಂಡಿತು! ಹಳೆಯದನ್ನು ತಾಟಿನಲ್ಲಿಟ್ಟು, ಹೊಸದನ್ನು ಮಗನ ಕೈಗೆ ಕೊಟ್ಟರು.

"ತಗೋ, ತೊಳಕೋ. ಇದ ಇನ್ನೂ ಏನ ಮಾಡೈತಿ?"

ಆಮೇಲೆ ನಮ್ಮನ್ನು ಹಿಡಿಯುವವರೇ ಇರಲಿಲ್ಲ. ತುಪ್ಪದ ಹಳೇ ಡಬ್ಬಿಯಲ್ಲಿ ಡೀಸೆಲ್ ಸುರಿದೆವು. ರೋಲರುಗಳ ಸಂದಿಯ ಅಕ್ಕಿಯನ್ನು ನಾನು ಸೀರೆಯ ಪಿನ್ನಿನಿಂದ ಹೆಕ್ಕಿದೆ. ಜಾಲಿಸಿ, ಹೊಸ ಡೀಸೆಲ್ ಹಾಕಿ ಮತ್ತೆ ಜಾಲಿಸಿ, ಒಗೆದ ಬಟ್ಟೆಯಲ್ಲಿ ಒರೆಸಿ ಆರಿಸಿದೆವು. ಬೇರಿಂಗ್ ಕೂರುವ ಹಳೇ ಉಕ್ಕಿನ ಬಳೆಯನ್ನು ಮನೆಯವರು ಬಡಿದು ತೆಗೆದರು, ಬೇರಿಂಗಿನ ಜೊತೆ ಬಂದ ಹೊಸ ಬಳೆಯನ್ನು ಸುತ್ತಲೂ ಮೆಲ್ಲಗೆ ತಟ್ಟಿ ಕೂರಿಸಿದರು. ಗ್ರೀಸ್ ತುಂಬುವ ಕೆಲಸ ನನ್ನದು. ಬೇರಿಂಗಿನ ಮೇಲೆ ಸವರತೊಡಗಿದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಬರೇ ಸವರಿದ್ರ ಒಳಗ ಹೋಗತೈತೇನ? ಸರೀ ಅತ್ಲಾಗ." ಅಂಗೈಯಲ್ಲಿ ಗ್ರೀಸಿನ ಉಂಡೆ ಇಟ್ಟುಕೊಂಡರು. ಜೋಳದ ಹಿಟ್ಟು ನಾದುವ ಹಾಗೆ ಅಂಗೈಯ ಬುಡದಿಂದ ಒತ್ತಿದರು. ಗ್ರೀಸ್ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಇಣುಕಿತು. ಮನೆಯವರು ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ, ಗ್ರೀಸಿನ ಇನ್ನೊಂದು ಉಂಡೆ ಎತ್ತಿಕೊಂಡರು.

ಹಬ್ ಏರಿಸಿ ನಟ್ ಬಿಗಿದರೆ ತಿರುಗಲೇ ಒಲ್ಲದು. "ಸಡ್ಲ ಬಿಡ್ರಿ, ಒಂದೀಟ ಸಡ್ಲ!" ಎಂದು ಮಿಸ್ತ್ರಿಯ ಮಾತನ್ನು ನಾನು ಕಿರುಚಿದೆ. ತುಸು ಸಡಿಲಿಸಿ, ಪಿನ್ ಹಾಕಿ, ಗಾಲಿ ಏರಿಸಿದರು.

"ತಿರುಗಸ," ಎಂದರು ನನಗೆ.

ತಿರುಗಿಸಿದೆ. ಗಾಲಿ ತಿರುಗಿತು, ತಿರುಗುತ್ತಲೇ ಇತ್ತು. ಸದ್ದೇ ಇಲ್ಲ! ಮೂವರೂ ಉಸಿರು ಬಿಗಿಹಿಡಿದು ಕೇಳಿದೆವು. ಎಲ್ಲೋ ಒಂದು ಕೋಳಿ ಕೂಗಿತು, ಅಷ್ಟೇ. ನಾನು ಚಪ್ಪಾಳೆ ತಟ್ಟಿ ಅಂಗಳದಲ್ಲೇ ಕುಣಿದೆ. ಡಿಗ್ರಿ ಸಿಕ್ಕ ದಿನ ಕೂಡ ನಾನು ಹೀಗೆ ಕುಣಿದವಳಲ್ಲ. ಏನೂ ಕೇಳಿಸದಿರುವುದು ಇಷ್ಟು ಖುಷಿ ಕೊಡುತ್ತದೆಂದು ಯಾರಿಗೆ ಗೊತ್ತಿತ್ತು?

ಸೋಮವಾರ ಬೆಳಿಗ್ಗೆ ಟ್ರಕ್ಕು ಬದುವಿನ ಹತ್ತಿರ ನಿಂತಿತ್ತು. ಗ್ಯಾಂಗ್ ಕಬ್ಬು ಹೇರಿತು. ಮಧ್ಯಾಹ್ನ ಕಾರ್ಖಾನೆಯ ಸಾಲಿನಿಂದ ಮನೆಯವರ ಫೋನು. "ಹಬ್ ಮುಟ್ಟಿ ನೋಡಿದೆ. ಥಣ್ಣಗೈತಿ." ಇದಕ್ಕಿಂತ ಒಳ್ಳೆಯ ಪ್ರೇಮದ ಮಾತನ್ನು ಅವರು ಈ ವರ್ಷ ಆಡಿಲ್ಲ.

ಅತ್ತೆಯ ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ಇದು ಇನ್ನೂ ಏನು ಮಾಡಿದೆ? ಹೊಸ ಬೈಕಿಗೆ ಹಾರ ಹಾಕುತ್ತೇವೆ, ಹೊಸ ಸಾಹೇಬರಿಗೆ ಶಾಲು ಹೊದಿಸುತ್ತೇವೆ, ಹೊಸ ಸೊಸೆಗೆ ಆರತಿ ಎತ್ತುತ್ತೇವೆ. (ಆ ಆರತಿ ಎಷ್ಟು ಬೇಗ ಆರುತ್ತದೆಂದು ನನ್ನನ್ನು ಕೇಳಿ.) ಇನ್ನೂ ಒಂದು ಮೈಲಿ ಓಡದ್ದಕ್ಕೆ ಇಷ್ಟು ಸಂಭ್ರಮ. ಓಡಿ ಓಡಿ ಸವೆದದ್ದರ ನೆನಪು ನಮಗಾಗುವುದು ಅದು ಗುರ್ರ್ ಎಂದಾಗ ಮಾತ್ರ. ಅದೂ ಬಯ್ಯಲಿಕ್ಕೆ.

ಮೊನ್ನೆ ಗುಜರಿಯವನು ಕೈಗಾಡಿ ನಿಲ್ಲಿಸಿ, "ಹಳೇ ಕಬ್ಬಿಣ ಐತೇನಬೇ ಆಯೀ?" ಎಂದು ಕೂಗಿದ.

ಅತ್ತೆ ಕಟ್ಟೆಯಿಂದಲೇ ಉತ್ತರ ಕೊಟ್ಟರು: "ಐತಿ. ಜಗಲಿ ಮ್ಯಾಲ ಐತಿ. ಕಾಲ ತೊಳಕೊಂಡ ಬಾ, ಕೈ ಮುಗದ ಹೋಗ."