ನವಿಲು ಛಾಪಿನ ಡಬ್ಬಿ

ಔರಾದಿನಲ್ಲಿ ಮೋಟಾರು ನಿಲ್ಲುವ ಕಟ್ಟೆಯ ಎದುರು ಮಡೆಪ್ಪನ ಪೆಟ್ರೋಲ್ ಅಂಗಡಿ ಇತ್ತು. ಅಂಗಡಿ ಎಂದರೆ ತಗಡಿನ ಮಾಡು, ಒಂದು ಹಲಗೆ, ಹಲಗೆಯ ಹಿಂದೆ ಸಾಲಾಗಿ ತಲಾ ನಾಲ್ಕು ಗ್ಯಾಲನ್ ಹಿಡಿಯುವ ತಗಡಿನ ಡಬ್ಬಿಗಳು. ಆಗ ಈ ಕಡೆ ಪಂಪು ಎಲ್ಲಿತ್ತು? ಡಬ್ಬಿಗಳು ರೈಲಿನಲ್ಲಿ ಭಾಲ್ಕಿಗೆ ಬರುತ್ತಿದ್ದವು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಔರಾದಿಗೆ. ಮಡೆಪ್ಪ ನನ್ನ ಅಕ್ಕ ಜನಾಬಾಯಿಯ ಗಂಡ. ಎದುರಿಗೆ ಮಾವ ಎಂದು ರೀ ಹಚ್ಚಿ ಮಾತಾಡುತ್ತಿದ್ದೆ. ಬರೆಯಲು ಕೂತರೆ ಏಕವಚನವೇ ಬರುತ್ತದೆ, ಬರಲಿ ಬಿಡಿ.

ಎರಡು ಛಾಪಿನ ಪೆಟ್ರೋಲ್ ಬರುತ್ತಿತ್ತು, ನವಿಲು ಮತ್ತು ಕುದುರೆ. ನವಿಲಿಗೆ ಗ್ಯಾಲನ್ನಿನ ಮೇಲೆ ನಾಲ್ಕಾಣೆ ಹೆಚ್ಚು. ಎರಡೂ ಒಂದೇ ರೈಲಿನಿಂದ, ಒಂದೇ ಹಮಾಲನ ಬೆನ್ನ ಮೇಲೆ ಇಳಿಯುವುದನ್ನು ನಾನು ಭಾಲ್ಕಿಯಲ್ಲಿ ಕಣ್ಣಾರೆ ಕಂಡವನು. ಆದರೆ ಮಾವನ ಬಾಯಿಯ ಮುಂದೆ ನನ್ನ ಕಣ್ಣು ಯಾವ ಲೆಕ್ಕ! ಕುದುರೆ ಹಾಕಿದರೆ ದಿಬ್ಬದ ಮೇಲೆ ಇಂಜಿನ್ ಕೆಮ್ಮುತ್ತದೆ, ನವಿಲು ಹಾಕಿದರೆ ಹಾಡುತ್ತದೆ ಎನ್ನುವನು. ಗಿರಾಕಿಯ ಅಂಗೈ ಮೇಲೆ ಎರಡು ಹನಿ ನವಿಲು ಬಿಟ್ಟು ಉಫ್ ಎಂದು ಊದುವನು. ತಣ್ಣಗೆ ಹಾರಿ ಅಂಗೈ ಒಣಗುವುದು. 'ನೋಡ್ರಿ, ಜಿಡ್ಡ ಅದ ಏನು?' ಎಂದು ಕೇಳುವನು. ಕುದುರೆಯ ಹನಿಯನ್ನು ಯಾರ ಅಂಗೈಗೂ ಬಿಡುತ್ತಿರಲಿಲ್ಲ.

ಅವನ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ನಿಜಾಮೋದ್ದೀನ. ಔರಾದಿನಿಂದ ಸಂತಪುರದ ಮೇಲೆ ಬೀದರಿಗೆ ಮೋಟಾರು ಓಡಿಸುತ್ತಿದ್ದ. ಒಮ್ಮೆ ನವಿಲು ತೀರಿ ಕುದುರೆ ಮಾತ್ರ ಉಳಿದಿದ್ದಾಗ, ತುಂಬಿದ ಮೋಟಾರನ್ನು ಅರ್ಧ ದಿನ ಕಟ್ಟೆಯ ಮುಂದೆ ನಿಲ್ಲಿಸಿ ಭಾಲ್ಕಿಯ ಗಾಡಿಗಾಗಿ ಕಾದ ಪುಣ್ಯಾತ್ಮ. ಮಂದಿ ಬೈದರು. ಮಾವನಿಗೆ ಮಾತ್ರ ಎದೆ ಉಬ್ಬಿತು.

ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ನಿಜಾಮ ಸರ್ಕಾರದ ಗಡಿಗಳು ಮುಚ್ಚಿದವು. ಪೆಟ್ರೋಲ್ ಬರುವುದು ನಿಂತಿತು. ಗ್ಯಾಲನ್ನಿಗೆ ನಿಜಾಮರ ನಾಣ್ಯದಲ್ಲಿ ಎರಡು ಹಾಲಿ ರೂಪಾಯಿ ಇದ್ದದ್ದು ಐದಾಯಿತು, ಎಂಟಾಯಿತು, ಶ್ರಾವಣದ ಹೊತ್ತಿಗೆ ಹನ್ನೆರಡಾಯಿತು. ಹೆಗಲಿಗೆ ಬಂದೂಕು ಹಾಕಿಕೊಂಡ ನಿಜಾಮರ ಕಡೆಯವರು ಆಗಾಗ ಬಂದು ದುಡ್ಡು ಕೊಡದೆ ಡಬ್ಬಿ ಹೊತ್ತೊಯ್ಯುತ್ತಿದ್ದರು. ಅವರಿಗೂ ನವಿಲೇ ಬೇಕು! ಮಾವ ಒಂದು ಉಪಾಯ ಮಾಡಿದ. ಉಳಿದ ಕೊನೆಯ ಒಳ್ಳೆಯ ಪೆಟ್ರೋಲನ್ನು ಕುದುರೆಯ ಹಳೆ ಡಬ್ಬಿಗೆ ಸುರಿದು ಮೂಲೆಗೆ ತಳ್ಳಿದ. ನವಿಲು ಡಬ್ಬಿಗಳಿಗೆ ಘಾಸಲೇಟು, ಅಂದರೆ ಸೀಮೆಎಣ್ಣೆ ತುಂಬಿ, ವಾಸನೆಗೆ ಒಂದಿಷ್ಟು ಪೆಟ್ರೋಲ್ ಬೆರೆಸಿ, ಬಾಯಿಗೆ ಮೊದಲಿನಂತೆ ಬೆಸುಗೆ ಹಾಕಿ ಮುಂದಿನ ಸಾಲಿನಲ್ಲಿಟ್ಟ. ಒಯ್ಯುವವರು ಇದನ್ನೇ ಒಯ್ಯಲಿ ಎಂದು. ಕೆಲವನ್ನು ಒಯ್ದರು. ಎರಡು ಉಳಿದವು.

ಸೆಪ್ಟೆಂಬರಿನಲ್ಲಿ ಹಿಂದಿ ಫೌಜು, ಅಂದರೆ ಭಾರತದ ಸೈನ್ಯ ಬಂತು, ನಿಜಾಮರು ಶರಣಾದರು. ನಮಗೆಲ್ಲ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ವಾರವೇ ಸುತ್ತಿನ ಊರುಗಳಲ್ಲಿ ಸೇಡು ತೀರಿಸುವವರು ಹೊರಬಿದ್ದರು. ನಿನ್ನೆಯವರೆಗೆ ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು, ಈಗ ನಿಜಾಮೋದ್ದೀನನ ಮಂದಿ. ಬೀದರಿನಲ್ಲಿ ಫೌಜು ಇದೆ, ಅಲ್ಲಿ ಮುಟ್ಟಿದರೆ ಜೀವ ಉಳಿಯುತ್ತದೆ ಎಂಬ ಮಾತು ಹಬ್ಬಿತು.

ಒಂದು ಬೆಳಿಗ್ಗೆ ನಿಜಾಮೋದ್ದೀನನ ಮೋಟಾರು ಅಂಗಡಿಯ ಮುಂದೆ ನಿಂತಿತು. ಒಳಗೆ ಅವನ ಹೆಂಡತಿ ಖುರ್ಷಿದ ಬೇಗಂ, ಬಂಧುಗಳು, ಮಕ್ಕಳು, ಅವನೂ ಸೇರಿ ಹನ್ನೊಂದು ಮಂದಿ. ಸಾಲೆಗೆ ಹೊರಟವನು ನಾನೂ ಅಲ್ಲೇ ನಿಂತಿದ್ದೆ.

'ಮಡೆಪ್ಪಣ್ಣ, ನವಿಲ ಕೊಡ್ರಿ. ಟ್ಯಾಂಕಿನಾಗ ನಾಕೈದ ಮೈಲಿನ ಎಣ್ಣಿ ಅದ.'

'ನಿಜಾಮ, ಅದನ್ನ ಮುಟ್ಟಬ್ಯಾಡ. ಅದರಾಗ ಘಾಸಲೇಟ ಅದ, ನಾನೇ ತುಂಬೀನಿ. ಕುದುರಿ ಡಬ್ಬಿ ಒಯ್ಯಿ. ಖರೇ ಮಾಲು ಅದರಾಗ ಅದ.'

ನಿಜಾಮೋದ್ದೀನ ಅವನ ಮುಖವನ್ನೇ ನೋಡಿದ. 'ಹದಿನೈದ ವರ್ಸ ನಿಮ್ಮ ಬಾಯಿಲೆ ಏನ ಕೇಳೀನ್ರಿ? ಕುದುರಿ ಬ್ಯಾಡ ಅಂತ. ಇವತ್ತ ಹೆಂಡ್ರು ಮಕ್ಕಳ್ನ ಕೂಡಿಸಿಕೊಂಡ ಹೊಂಟೀನಿ, ಇವತ್ತೇ ಕುದುರಿ ಛಲೋ ಆತೇನು? ನವಿಲ ಯಾರಿಗಿ ಇಟ್ಟೀರಿ, ಹೊಸ ಸರ್ಕಾರಕ್ಕೇನು?'

'ದೇವರಾಣಿ ನಿಜಾಮ! ಅಂಗೈ ಮ್ಯಾಲ ಹಾಕಿ ತೋರಸ್ತೇನಿ, ತಡಿ.'

ಮಾವ ಬೆಸುಗೆ ಒಡೆಯಲು ಉಳಿ ಹುಡುಕುತ್ತಿದ್ದ. ಅಷ್ಟರಲ್ಲಿ ಬಜಾರದ ಕಡೆಯಿಂದ ಗದ್ದಲ ಎದ್ದಿತು, ಮೋಟಾರಿನೊಳಗೆ ಹೆಂಗಸರು ಚೀರಿದರು. ನಿಜಾಮೋದ್ದೀನ ಎರಡೂ ನವಿಲು ಡಬ್ಬಿಗಳನ್ನು ತಾನೇ ಎತ್ತಿಕೊಂಡು, ನೋಟುಗಳನ್ನು ಹಲಗೆಯ ಮೇಲೆ ಎಸೆದು ಹೊರಟೇಬಿಟ್ಟ.

ಮಾವ ರಸ್ತೆಯವರೆಗೆ ಓಡಿದ. ಧೂಳು ಬಿಟ್ಟು ಏನೂ ಇರಲಿಲ್ಲ. ತಿರುಗಿ ಬಂದವನೇ, 'ಗಾಡಿ ಕಟ್ಟು' ಎಂದ.

ಕುದುರೆಯ ಡಬ್ಬಿ ಹೇರಿಕೊಂಡು ಇಬ್ಬರೂ ಸಂತಪುರದ ಹಾದಿ ಹಿಡಿದೆವು. ಇಕ್ಕೆಲಕ್ಕೂ ಆಳೆತ್ತರದ ಜೋಳ. ಹೊಲಗಳಲ್ಲಿ ಒಂದು ಮನುಷ್ಯ ದನಿಯಿಲ್ಲ. ಬಾವಿಯ ಹತ್ತಿರ ನೀರೆತ್ತುವ ತೊಗಲಿನ ಮೊಟ್ಟೆಯ ಹಗ್ಗ ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದರು. ನಾಯಿಗಳು ಸಹ ಬೊಗಳದೆ ನಮ್ಮನ್ನು ನೋಡಿ ಸುಮ್ಮನೆ ಪಕ್ಕಕ್ಕೆ ಸರಿದವು.

ಹೊತ್ತು ನೆತ್ತಿಗೆ ಬರುವ ಮುಂಚೆ ಮೋಟಾರು ಕಂಡಿತು. ರಸ್ತೆಯ ನಡುವೆಯೇ ನಿಂತಿತ್ತು, ಬಾಗಿಲು ತೆರೆದಿತ್ತು. ಟ್ಯಾಂಕಿನ ಕೆಳಗಿನ ಬಿರಡೆ ಬಿಚ್ಚಿತ್ತು. ಮಣ್ಣೆಲ್ಲ ತೊಯ್ದು ಘಾಸಲೇಟು ನಾರುತ್ತಿತ್ತು. ಇಂಜಿನ್ ನಿಂತ ಮೇಲೆ ಪಾಪ, ನಿಜಾಮೋದ್ದೀನನಿಗೆ ತಿಳಿದಿತ್ತು. ಪೂರ್ತಿ ಬಸಿದುಬಿಟ್ಟಿದ್ದ. ಎರಡನೆಯ ಡಬ್ಬಿ ಬಾಯಿ ಒಡೆಯದೆ ಬಿದ್ದಿತ್ತು.

ಒಳಗೆ ಯಾರೂ ಇರಲಿಲ್ಲ. ಸೀಟಿನ ಮೇಲೆ ಬಿಚ್ಚಿದ ಬುತ್ತಿ, ಕಚ್ಚಿದ ರೊಟ್ಟಿ. ಮಣ್ಣಿನ ಹೂಜಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಕಾಲಿಗೆ ದಾರ ಕಟ್ಟಿದ ಕೋಳಿಯೊಂದು ಸೀಟಿನ ಕೆಳಗಿಂದ ನನ್ನನ್ನು ನೋಡಿತು. ರಕ್ತವಿಲ್ಲ, ಮುರಿದದ್ದು ಏನೂ ಇಲ್ಲ. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು. ಹನ್ನೊಂದು ಮಂದಿ ಉಸಿರು ಬಿಟ್ಟ ಬಿಸಿ ಆ ಮೋಟಾರಿನಲ್ಲಿ ಹಾಗೆಯೇ ಕೂತಿತ್ತು.

'ಇಲ್ಲೇ ಅದಾರ' ಎಂದ ಮಾವ, ಪಿಸುದನಿಯಲ್ಲಿ.

ಬಿರಡೆ ಹಾಕಿ, ತಂದ ಪೆಟ್ರೋಲನ್ನು ಪೂರ್ತಿ ಸುರಿದ. ಮುಂದಿನ ಹ್ಯಾಂಡಲು ಹಾಕಿ ಜಗ್ಗಿ ತಿರುವಿದ. ಏಳೆಂಟು ಸಲ ಕೆಮ್ಮಿ ಇಂಜಿನ್ ಹತ್ತಿಕೊಂಡಿತು, ಆಮೇಲೆ ದನಿ ನಯವಾಯಿತು. ಮಾವ ಚಾಲಕನ ಸೀಟಿನಲ್ಲಿ ಕೂತು ಹಾರನ್ ಹೊಡೆದ. 'ನಿಜಾಮಾ, ಬಾರೋ! ನಾನು ಮಡೆಪ್ಪ!' ಎಂದು ಕೂಗಿದ.

ಗಾಳಿ ಇರಲಿಲ್ಲ. ಆದರೂ ಎಡಗಡೆಯ ಹೊಲದಲ್ಲಿ ಜೋಳ ಒಂದೇ ಸಾಲಿನಲ್ಲಿ ಅಲುಗಿತು. ನಮ್ಮ ಕಡೆ ಬಂದಂತಾಗಿ ನಿಂತಿತು. ಮಾವ ಮತ್ತೆ ಹಾರನ್ ಹೊಡೆದ. ಸಾಲು ಹಿಂದಕ್ಕೆ ಸರಿಯಿತು. ಇಳಿದು ಹೊಲದೊಳಗೆ ಹೋಗಿ ಹುಡುಕಬೇಕಿತ್ತು, ನನಗೆ ಕಾಲು ಏಳಲಿಲ್ಲ. ನಾನು ಹೇಡಿ ಎಂದು ಅಂದೇ ಗೊತ್ತಾಯಿತು.

'ಹೋಗೋಣ ಬರ್ರಿ ಮಾವ' ಎಂದೆ.

'ಇಂಜಿನ್ ಸಪ್ಪಳ ಕೇಳಲಿ ತಡಿ. ಖರೇ ಪೆಟ್ರೋಲ್ ಅಂತ ಅವನಿಗಿ ತಿಳೀತದ. ತಿಳದ ಮ್ಯಾಲ ಬಂದೇ ಬರ್ತಾನ.'

ಇಡೀ ಮಧ್ಯಾಹ್ನ ಹಾಗೆಯೇ ಕಳೆಯಿತು. ಅವನು ಪೆಡಲು ಒತ್ತುತ್ತಾನೆ, ಇಂಜಿನ್ ಮೊರೆಯುತ್ತದೆ, ಹಾರನ್ ಹೊಡೆಯುತ್ತಾನೆ, ಜೋಳ ಸುಮ್ಮನೆ ನಿಂತಿರುತ್ತದೆ. ಅತ್ತ ಕಡೆಯಿಂದ ಯಾರೋ ನಮ್ಮನ್ನೇ ನೋಡುತ್ತಿದ್ದಾರೆಂದು ನನ್ನ ಬೆನ್ನಿಗೆ ಗೊತ್ತಿತ್ತು. ಹೊತ್ತು ಇಳಿಯುವಾಗ ಇಂಜಿನ್ ಎರಡು ಸಲ ಮುಗ್ಗರಿಸಿ ತಾನಾಗಿ ನಿಂತಿತು. ಆ ಮೌನದಲ್ಲಿ ಕೋಳಿಯ ಕೊರಕೊರ ಮಾತ್ರ ಕೇಳುತ್ತಿತ್ತು. ಮಾವ ಅದರ ದಾರ ಬಿಚ್ಚಿ ಬಿಟ್ಟ. ನಾವು ಗಾಡಿ ತಿರುಗಿಸಿದೆವು.

ಆ ಮೋಟಾರು ಬಹಳ ದಿನ ಅಲ್ಲೇ ನಿಂತಿತ್ತು. ಉರಿಬಿಸಿಲಿನಲ್ಲಿ ಆ ಜಾಗದಲ್ಲಿ ಇಂಜಿನ್ ಸಪ್ಪಳ ಕೇಳುತ್ತದೆ ಎಂದು ಗಾಡಿಯವರು ಎತ್ತು ಓಡಿಸತೊಡಗಿದರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಆ ಹಾದಿಯಲ್ಲಿ ಒಬ್ಬನೇ ಹೋಗಲಿಲ್ಲ. ಮಾವ ಮಾತ್ರ ಹೋಗುತ್ತಿದ್ದ. ಊಟದ ನಡುವೆ ಕೈ ತಡೆದು, 'ಸಪ್ಪಳ ಕೇಳ್ತದೇನು?' ಎಂದು ಅಕ್ಕನನ್ನು ಕೇಳುತ್ತಿದ್ದ. ಯಾವ ಛಾಪು ಒಳ್ಳೆಯದು ಎಂದು ಗಿರಾಕಿ ಕೇಳಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದ. ಕೊನೆಗೆ ಅಂಗಡಿ ಮುಚ್ಚಿ, ಬೀದರಿನಲ್ಲಿ ಹೊಸದಾಗಿ ಬಂದ ಪಂಪಿನಲ್ಲಿ ಕೈಯಿಂದ ಎಣ್ಣೆ ಹೊಡೆಯುವ ಕೆಲಸಕ್ಕೆ ನಿಂತ. ಬಾಯಿಯಿಂದಲೇ ಬದುಕಿದ ಮನುಷ್ಯ ಮೂಕನಂತಾದ.

ಐವತ್ನಾಲ್ಕರಲ್ಲಿ ಒಂದು ದಿನ ನಾನು ಅವನ ಜೊತೆ ಪಂಪಿನ ನೆರಳಲ್ಲಿ ಕೂತಿದ್ದಾಗ ಒಬ್ಬ ಹೆಂಗಸು ಬಂದು ನಿಂತಳು. ಬುರ್ಖಾದ ಮುಸುಕು ಸರಿಸಿದಳು. ಖುರ್ಷಿದ ಬೇಗಂ. ಮಾವ ಎದ್ದವನು ಕಂಬ ಹಿಡಿದುಕೊಂಡ.

'ಜೋಳದಾಗೇ ಇದ್ವಿರಿ ಅಣ್ಣಾ' ಎಂದಳು. 'ನಮ್ಮವರು ಎದ್ದು ಹೊಂಟ್ರು. ನಾ ಕಾಲ ಹಿಡಕೊಂಡ ಕುಂತೆ. ನಿಮ್ಮ ಹಾರನ್ನಿಗಿ ಸುತ್ತಿನ ಮಂದಿ ಬರ್ತಾರ ಅಂತ ಜೀವ ಹಾರಿತ್ತು. ನೀವ್ ಹೋದ ಮ್ಯಾಲ ಹೊರಗ ಬಂದ್ವಿ. ಹ್ಯಾಂಡಲ್ ತಿರುವಿದ್ರು, ತಿರುವಿದ್ರು, ಕೈ ಒಡೆಯೋತನಾ ತಿರುವಿದ್ರು. ಟ್ಯಾಂಕಿನಾಗ ಒಂದ ಹನಿ ಇರ್ಲಿಲ್ಲರಿ. ನಡಕೊಂಡೇ ಹೊಂಟ್ವಿ. ಬೀದರ ಮುಟ್ಟಿದವರು ನಾಕ ಮಂದಿ.'

'ನಿಜಾಮ?' ಎಂದ ಮಾವ.

ಅವಳು ಇಲ್ಲವೆಂದು ತಲೆಯಾಡಿಸಿದಳು. 'ನಿಮ್ಮ ಮ್ಯಾಲ ಸಿಟ್ಟಿಲ್ಲರಿ. ಆರ ವರ್ಸದಿಂದ ಒಂದ ಮಾತ ಕೇಳಬೇಕಂತ ಇತ್ತು. ತಂದ ಪೆಟ್ರೋಲ್ ಅಲ್ಲೇ ಬಿಟ್ಟು ಯಾಕ ಹೋಗ್ಲಿಲ್ರಿ?'

ಮಾವ ಕಂಬದಿಂದ ಕೈ ತೆಗೆದ. 'ನಾ ಖರೇ ಹೇಳೀನಿ ಅಂತ ಅವನಿಗಿ ತಿಳೀಲಿ ಅಂತವ್ವಾ.'

'ಅದು ಅವರಿಗಿ ಮೊದಲನೇ ಸಪ್ಪಳಕ್ಕೇ ತಿಳಿದಿತ್ತರಿ' ಎಂದಳು ಖುರ್ಷಿದ ಬೇಗಂ.