ಎಲ್ಲರಿಗೂ ಕಂಡವಳು

ನಮ್ಮ ಭಾವನಿಗೆ ಪಾರ್ಕಿನವರು ಇಟ್ಟ ಹೆಸರು ದೆವ್ವದ ಮಾಮ. ಮನುಷ್ಯ ಮಾತ್ರ ಇರುವೆಯನ್ನೂ ಪಕ್ಕಕ್ಕೆ ಸರಿಸಿ ಕೂರುವಷ್ಟು ಸಾಧು. ಕೆರೆ ಪಕ್ಕದ ಹಳೇ ಬಂಗಲೆ ಪಾರ್ಕಿನಲ್ಲಿ ಗೈಡು. ಬಿರುಕು ಬಿಟ್ಟ ನಿಲುವುಗನ್ನಡಿ, ಯಜಮಾನರ ಆರಾಮ ಕುರ್ಚಿ ಎಲ್ಲ ತೋರಿಸಿ, ತೋಟ ದಾಟಿಸಿ, ಕೊನೆಗೆ ಜನರನ್ನು ಹಲಗೆದಾರಿಗೆ ಕರೆತರುತ್ತಾರೆ. ಕೆರೆಯಂಚಿಗೆ ಕಂಬ ನೆಟ್ಟು, ಹಲಗೆ ಹೊಡೆದು, ನೀರಿನ ಮೇಲೆ ಓಡಾಡುವ ಹಾಗೆ ಮಾಡಿದ ದಾರಿ ಅದು. ಅದರ ಬಾಯಲ್ಲೇ ನನ್ನ ಟಿಕೆಟ್ ಗೂಡು. ಹಾಗಾಗಿ ಬೇಕೋ ಬೇಡವೋ, ಭಾವನ ಕಥೆ ದಿನವಿಡೀ ನನ್ನ ಕಿವಿಗೆ ಬೀಳುತ್ತಿತ್ತು.

"ಈ ಬಂಗಲೆ ಯಜಮಾನರಿಗೆ ಒಬ್ಬಳೇ ಮಗಳು. ಚಪ್ಪಲಿ ಹಾಕ್ಕೋ ಅಂದ್ರೆ ಕೈಯಲ್ಲಿ ಹಿಡ್ಕೊಂಡು ಓಡೋಳು. ಇವತ್ತಿಗೂ ಮಧ್ಯಾಹ್ನದ ಹೊತ್ತು ಇಲ್ಲಿ ಓಡಾಡ್ತಾಳೆ. ಹಿಂದಿನಿಂದ ಬಂದು ಸೆರಗು ಎಳೆದ್ರೆ ಹೆದರ್ಬೇಡಿ. ಆಟಕ್ಕೆ ಕರೀತಾಳೆ, ಅಷ್ಟೆ."

ಆ ಯಜಮಾನನಿಗೆ ಮಕ್ಕಳೇ ಇರಲಿಲ್ಲ. ಮೊದಲ ಸಲ ಕೇಳಿದಾಗಲೇ ನನಗೆ ಗೊತ್ತಾಯಿತು. ಅದು ನಮ್ಮ ಮಗು. ಅಕ್ಕ ಭಾವನಿಗೆ ಇದ್ದ ಒಬ್ಬಳೇ ಮಗಳು. ಭಾವ ಆಗ ಇದೇ ತೋಟದ ಮಾಲಿ. ಅಪ್ಪನಿಗೆ ಊಟದ ಡಬ್ಬಿ ತಂದುಕೊಟ್ಟವಳು ವಾಪಸ್ ಹೋಗುವಾಗ ಕೆರೆಯಂಚಿನ ಕೆಸರಿನಲ್ಲಿ ಜಾರಿ ಮುಳುಗಿಹೋದಳು. ಹಲಗೆದಾರಿ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಅಕ್ಕ ಮಾತ್ರ ಆಮೇಲೆ ಈ ಕಡೆ ತಲೆ ಹಾಕಲೇ ಇಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ಲ ಭಾವ, ಸತ್ತ ಮಗೂನ ದೆವ್ವ ಮಾಡಿ ಕುಣಿಸ್ತಿದ್ದೀರಲ್ಲ, ತಲೆ ನೆಟ್ಟಗಿದೆಯಾ ನಿಮಗೆ?"

"ಅವಳ ಮಾತಾಡೋಕೆ ನನಗೆ ಬೇರೆ ಎಲ್ಲಿದೆ ಜಾಗ, ಹೇಳು? ಮನೇಲಿ ಅವಳ ಹೆಸರೆತ್ತಿದ್ರೆ ನಿಮ್ಮಕ್ಕ ಎದ್ದು ಹೋಗ್ತಾಳೆ."

ನಾನು ಗೂಡಿಗೆ ವಾಪಸಾದೆ.

ಬರಬರುತ್ತ ಅವಳು ಜನಕ್ಕೆ ಕಾಣತೊಡಗಿದಳು. ದಾರಿಯ ತುದಿಯಲ್ಲಿ ಯಾರೋ ಓಡಿದ ಸದ್ದಾಯಿತು ಎಂದು ಒಬ್ಬರು, ಫ್ರಾಕು ಕಂಡಿತು ಎಂದು ಇನ್ನೊಬ್ಬರು. ಇದೆ ಎಂದು ಹೇಳಿ ಕಳಿಸಿದರೆ ಕಾಣದೆ ಇರುತ್ತದೆಯೇ ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಭಾವ ನಗುತ್ತಿರಲಿಲ್ಲ. "ಹೇಗಿದ್ಳು? ಯಾವ ಕಡೆ ಹೋದ್ಳು?" ಎಂದು ಅವರ ಬೆನ್ನು ಬೀಳುತ್ತಿದ್ದರು. ಜನ ಹೋದ ಮೇಲೆ ಒಬ್ಬರೇ ತುದಿಯವರೆಗೂ ನಡೆದು, ಕಟಕಟೆ ಹಿಡಿದು ನಿಂತು, ಮುಖ ಸಣ್ಣಗೆ ಮಾಡಿಕೊಂಡು ಬರುತ್ತಿದ್ದರು. ಕೂತು ಮಾಡುವ ಕೆಲಸ ಕೊಡುತ್ತೇವೆ, ಪೇಟೆಯ ಆಫೀಸಿಗೆ ಬನ್ನಿ ಎಂದು ಮೇಲಿನವರು ಕರೆದರೂ ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಸಲ ಅವಳನ್ನು ನೋಡುವುದು.

"ಹೋಗಿ ಬರೋರಿಗೆಲ್ಲ ಕಾಣ್ತಾಳೆ. ನಾನು ಅಪ್ಪ ಕಣೇ. ನನಗ್ಯಾಕೆ ಕಾಣಲ್ಲ?"



ಒಂದು ದಿನ ಶಾಲೆಯ ಟೀಚರೊಬ್ಬರು ನನ್ನ ಗೂಡಿನ ಹತ್ತಿರ ಬಂದು ನೀರು ಕೇಳಿದರು. "ಪಾಪ, ತುದೀಲಿ ಕಂಡ ಆ ಮಗುವಿನ ಫ್ರಾಕಿನ ತೋಳು ಹರಿದಿದೆ. ಯಾರೋ ಪಿನ್ನು ಹಾಕಿದಾರೆ," ಎಂದರು.

ಆ ಪಿನ್ನು ಭಾವನ ಕಥೆಯಲ್ಲಿ ಇಲ್ಲ. ಭಾವನಿಗೆ ಗೊತ್ತೂ ಇಲ್ಲ. ಅವತ್ತು ಡಬ್ಬಿ ಹಿಡಿದು ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ, ಅಕ್ಕ ತನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಆ ಹರಿದ ತೋಳಿಗೆ ಚುಚ್ಚಿದ್ದಳು. ನೋಡಿದವಳು ನಾನೊಬ್ಬಳೇ. ನೀರಿನಿಂದ ಎತ್ತಿದಾಗ ಪಿನ್ನೂ ಇರಲಿಲ್ಲ, ಫ್ರಾಕಿಗೆ ಆ ತೋಳೂ ಇರಲಿಲ್ಲ. ದೆವ್ವ ಭೂತ ನಂಬದ ನಾನು ಆ ಸುಡು ಬಿಸಿಲಲ್ಲಿ ಗೂಡಿನ ಕಿಟಕಿ ಎಳೆದುಕೊಂಡು ಕೂತೆ. ಹೊರಗೆ ಹಲಗೆಗಳು ಕಿರ್ ಎನ್ನುತ್ತಿದ್ದವು. ದಾರಿಯ ಮೇಲೆ ಆಗ ಯಾರೂ ಇರಲಿಲ್ಲ.

ನನ್ನ ಮುಖ ನೋಡಿಯೇ ಭಾವ ವಿಷಯ ಬಿಡಿಸಿ ಕೇಳಿದರು. ಮನೆಗೆ ಹೋಗಿ ಪಿನ್ನಿನ ಮಾತು ನಿಜವೇ ಎಂದು ಅಕ್ಕನನ್ನೂ ಕೇಳಿದರು. ಅಲ್ಲಿಗೆ ಭಾವ ಹೇಳುವ ಕಥೆ, ಜನಕ್ಕೆ ಅವಳು ಕಂಡದ್ದು, ಎಲ್ಲವೂ ಅಕ್ಕನಿಗೆ ಗೊತ್ತಾಯಿತು. ಅಕ್ಕ ಬೈಯಲಿಲ್ಲ, ಅಳಲಿಲ್ಲ. ಮಾರನೇ ದಿನ ಒಳ್ಳೆ ಸೀರೆ ಉಟ್ಟು ನನ್ನ ಗೂಡಿನ ಮುಂದೆ ಬಂದು ನಿಂತಳು.

"ಒಂದು ಟಿಕೆಟ್ ಕೊಡು."

"ನಿನಗ್ಯಾಕೆ ಅಕ್ಕ ಟಿಕೆಟ್ಟು!"

"ಅವಳನ್ನ ನೋಡೋಕೆ ಎಲ್ಲರೂ ತಗೊಂಡೇ ಹೋಗ್ತಾರಲ್ಲ. ಕೊಡು."

ಗುಂಪಿನ ಹಿಂದೆ ಅವಳನ್ನು ಕಂಡು ಭಾವನ ನಾಲಿಗೆ ತೊದಲಿತು. "ಹೇಳಿ, ಕೇಳ್ತೀನಿ," ಎಂದಳು. ಅವರು ಹೇಳಿದರು. ಚಪ್ಪಲಿಯ ಮಾತು ಬಂದಾಗ ಅಕ್ಕ ಕೆರೆಯ ಕಡೆ ತಿರುಗಿದಳು. ಗುಂಪು ಕರಗಿದ ಮೇಲೆ ಒಬ್ಬಳೇ ಹಲಗೆದಾರಿಯ ತುದಿಗೆ ಹೋದಳು. ನಾವಿಬ್ಬರೂ ಈಚೆಯೇ ನಿಂತೆವು. ಅವಳು ಸ್ವಲ್ಪ ಬಗ್ಗಿ ನಿಂತಿದ್ದಳು, ಎಳೆ ಮಕ್ಕಳ ಮಾತು ಕೇಳಲು ಬಗ್ಗುವ ಹಾಗೆ. ಗಾಳಿ ಇರಲಿಲ್ಲ. ಆದರೂ ಅವಳ ಸೆರಗು ಅಲುಗಿದ್ದನ್ನು ನಾನು ಈ ಕಣ್ಣಲ್ಲಿ ನೋಡಿದೆ.

ಅವಳು ಬಂದೊಡನೆ ಭಾವ ಕೈ ಹಿಡಿದುಕೊಂಡರು. "ಇದ್ಳಾ?"

"ಇದ್ಳು."

"ಹೇಗಿದ್ದಾಳೆ? ನನ್ನ ಕೇಳಿದ್ಳಾ?"

"ಸುಸ್ತಾಗಿದ್ದಾಳೆ ರೀ," ಎಂದಳು ಅಕ್ಕ. "ನೀವು ಕರೆದಾಗೆಲ್ಲ ಬಂದು ಬಂದು, ಯಾರ್ಯಾರದೋ ಮುಂದೆ ಓಡಿ ಓಡಿ ಸುಸ್ತಾಗಿದ್ದಾಳೆ. ಅಪ್ಪ ಸಾಕು ಅಂದ್ರೆ ಮಲಗ್ತೀನಿ ಅಂತಾಳೆ."

ಭಾವ ಅಲ್ಲೇ ಕುಸಿದು ಕೂತರು. ಅಕ್ಕ ನಿಜವಾಗಿ ಅವಳನ್ನು ಕಂಡಳೋ, ಗಂಡನನ್ನು ಬಿಡಿಸಲು ಕಟ್ಟಿ ಹೇಳಿದಳೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಆಮೇಲೆ ಭಾವ ಎದ್ದು ತುದಿಯವರೆಗೂ ಹೋದರು. ನೀರಿನ ಕಡೆ ನೋಡಲಿಲ್ಲ. ಕೆರೆಗೆ ಬೆನ್ನು ಹಾಕಿ, ಕಣ್ಣು ಬಿಗಿಯಾಗಿ ಮುಚ್ಚಿ, "ಸಾಕಮ್ಮ. ಮಲಗು ಹೋಗು," ಎಂದರು. ನಮಗೆ ಕೇಳುವಷ್ಟು ಜೋರಾಗಿಯೇ ಹೇಳಿದರು.

ಅದಾದ ಮೇಲೆ ಅವಳು ಯಾರಿಗೂ ಕಂಡಿಲ್ಲ. ಭಾವನಿಗೆ ಒಂದು ಸಲವೂ ಕಾಣಲಿಲ್ಲ.